ಹೊಳೆಯ ತಳದ ಚಿನ್ನ: ಅಮೆಜಾನ್ ಕಾಡು ಮತ್ತು ಅದರ ಜನರ ರಕ್ಷಣೆಯ ಪ್ರಶ್ನೆ

ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಕಳೆದ ನಾಲ್ಕು ದಶಕಗಳಿಂದ ಹಬ್ಬಿರುವ ಚಿನ್ನದ ಗಣಿಗಾರಿಕೆಯ ಬಗೆಗಿನ ಬರವಣಿಗೆ ಬಹುಮಟ್ಟಿಗೆ ಎರಡು ಕವಲಾಗಿ ಸಾಗಿಬಂದಿದೆ. ವನ್ಯಜೀವಿ ತಜ್ಞರು ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಎಷ್ಟು ಹೆಕ್ಟೇರ್ ಕಾಡು ನಾಶವಾಯಿತೆಂದು ಲೆಕ್ಕ ಹಾಕುತ್ತಾರೆ. ಮೂಲನಿವಾಸಿಗಳ ಹಕ್ಕುಗಳಿಗಾಗಿ ದುಡಿಯುವವರು ಮಲೇರಿಯಾ, ಹಿಂಸೆ, ಭೂಮಿಯ ಒಡೆತನಗಳ ವಿಚಾರ ಎತ್ತುತ್ತಾರೆ. ಈ ವಿಂಗಡಣೆ ಸಂಸ್ಥೆಗಳ ಅನುಕೂಲಕ್ಕಾಗಿ ಹುಟ್ಟಿಕೊಂಡದ್ದೇ ಹೊರತು ವಿಷಯದ ಒಳಗಿನಿಂದ ಬಂದದ್ದಲ್ಲ. ದೈತ್ಯ ನೀರುನಾಯಿ ಹಿಡಿದು ತಿನ್ನುವ ಮೀನನ್ನೇ ದಡದ ಹಳ್ಳಿಯ ಮಗುವೂ ತಿನ್ನುತ್ತದೆ. ಕಾಡಿನೊಳಗೆ ಹೊಸ ದಾರಿ ಬಿದ್ದುದನ್ನು ಮೊದಲು ಕಾಣುವವರೂ ಆ ಹಳ್ಳಿಯವರೇ. ಆದ್ದರಿಂದ ಕಾಡಿನ ರಕ್ಷಣೆಯನ್ನೂ ಜನರ ರಕ್ಷಣೆಯನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿಕೊಟ್ಟ ಕಡೆಗಳಲ್ಲಿ ಎರಡು ಕೆಲಸಗಳೂ ಅರೆಬರೆಯಾಗಿಯೇ ಉಳಿದಿವೆ ಎಂಬುದನ್ನು ಈ ಸಮೀಕ್ಷೆ ಪರಿಶೀಲಿಸುತ್ತದೆ.

ಕೋಲಾರ, ಹಟ್ಟಿಗಳ ಪರಿಚಯವಿರುವ ಕನ್ನಡ ಓದುಗರು ಮೊದಲಿಗೆ ಗಮನಿಸಬೇಕಾದದ್ದು ಇಲ್ಲಿನ ಗಣಿಗಾರಿಕೆಯ ಸ್ವರೂಪವೇ ಬೇರೆ ಎಂಬುದನ್ನು. ಕೋಲಾರದಲ್ಲಿ ಚಿನ್ನ ಗಟ್ಟಿಬಂಡೆಯ ಪದರಗಳಲ್ಲಿ ಅಡಗಿದ್ದುದರಿಂದ ಅದನ್ನು ಹಿಂಬಾಲಿಸಿ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಮೆಜಾನ್ ಜಲಾನಯನದಲ್ಲಿ ಗಣಿಗಾರರು ಅರಸುವುದು ಹೆಚ್ಚಾಗಿ ಮೆಕ್ಕಲು ಚಿನ್ನವನ್ನು, ಅಂದರೆ ಆಂಡಿಸ್ ಪರ್ವತಶ್ರೇಣಿಯಿಂದಲೂ ಬ್ರೆಜಿಲ್‌ನ ಉತ್ತರ ಗಡಿಯಿಂದ ಗಯಾನಾಗಳವರೆಗೆ ಚಾಚಿರುವ ಪುರಾತನ ಶಿಲಾಸ್ತರದಿಂದಲೂ ಲಕ್ಷಾಂತರ ವರ್ಷಗಳಲ್ಲಿ ಸವೆದು ಬಂದು, ನದಿಯ ತಳದಲ್ಲಿ, ಬತ್ತಿದ ಹಳೆಯ ಪಾತ್ರಗಳಲ್ಲಿ, ದಂಡೆಯ ನೆರೆಬಯಲಿನಲ್ಲಿ ಮರಳು–ಗರಸಿನೊಂದಿಗೆ ಚದುರಿ ಕುಳಿತ ಹುಡಿಯನ್ನು. ಅದಿರುವ ಆಳ ಕಡಿಮೆ, ಹರಹು ಅಪಾರ. ಹೀಗಾಗಿ ಕೆಲವೇ ಗ್ರಾಂ ಲೋಹಕ್ಕಾಗಿ ವಿಶಾಲವಾದ ನೆಲದ ಮೇಲ್ಮಣ್ಣನ್ನೆಲ್ಲ ಮಗುಚಬೇಕಾಗುತ್ತದೆ.

ಬ್ರೆಜಿಲ್‌ನಲ್ಲಿ ಗರಿಂಪೊ ಎಂದು ಕರೆಯಲಾಗುವ ಇಂಥ ಗಣಿಯಲ್ಲಿ ಕೆಲಸ ಸಾಗುವ ಕ್ರಮ ಬಹುತೇಕ ಎಲ್ಲ ಕಡೆ ಒಂದೇ. ಮೊದಲು ಮರ ಕಡಿದು ಸುಡುತ್ತಾರೆ, ಅಗೆಯುವ ಯಂತ್ರ ಮೇಲ್ಮಣ್ಣನ್ನು ಸರಿಸುತ್ತದೆ, ಡೀಸೆಲ್ ಪಂಪಿನ ಕೊಳವೆಯಿಂದ ರಭಸವಾಗಿ ಚಿಮ್ಮುವ ನೀರು ಗುಂಡಿಯ ಗೋಡೆಯನ್ನು ಕರಗಿಸಿ ಕೆಸರು ಮಾಡುತ್ತದೆ. ಇನ್ನೊಂದು ಪಂಪು ಆ ಕೆಸರನ್ನು ಹೀರಿ, ಇಳಿಜಾರಾಗಿ ನಿಲ್ಲಿಸಿದ ಮರದ ತೊಟ್ಟಿಯ ಮೇಲಿಂದ ಹರಿಸಿದಾಗ, ತೊಟ್ಟಿಯ ತಳಕ್ಕೆ ಹಾಸಿದ ಒರಟು ಜಮಖಾನದ ಎಳೆಗಳಲ್ಲಿ ಭಾರದ ಕಣಗಳು ಸಿಕ್ಕಿಕೊಳ್ಳುತ್ತವೆ. ಆ ಜಮಖಾನವನ್ನು ಪೀಪಾಯಿಯಲ್ಲಿ ತೊಳೆದು, ಉಳಿದ ಕಪ್ಪು ಮರಳಿಗೆ ಪಾದರಸ ಸುರಿದು ಕಲಸುತ್ತಾರೆ; ಎಷ್ಟೋ ಕಡೆ ಬರಿಗೈಯಲ್ಲಿ, ಬರಿಗಾಲಲ್ಲಿ. ಪಾದರಸ ಚಿನ್ನದ ಹುಡಿಯನ್ನು ಹಿಡಿದುಕೊಂಡು ಬೆಳ್ಳಿಬಣ್ಣದ ಮುದ್ದೆಯಾಗುತ್ತದೆ. ಬಟ್ಟೆಯಲ್ಲಿ ಹಿಂಡಿ ಹೆಚ್ಚುವರಿ ಪಾದರಸ ತೆಗೆದ ಮೇಲೆ ಮುದ್ದೆಯನ್ನು ಬೆಂಕಿಗೆ ಹಿಡಿದರೆ ಉಳಿದ ಪಾದರಸ ಆವಿಯಾಗಿ ಹೋಗಿ, ತೂತುತೂತಾದ ಮಂಕು ಹಳದಿಯ ಚಿನ್ನ ಕೈಗೆ ಬರುತ್ತದೆ. ಹತ್ತಿರದ ಪಟ್ಟಣದ ಅಂಗಡಿಯಲ್ಲಿ ಅದನ್ನು ಇನ್ನೊಮ್ಮೆ ಕಾಯಿಸುವುದರಿಂದ ಪಾದರಸದ ಆವಿ ಗಣಿಯಷ್ಟಕ್ಕೇ ನಿಲ್ಲದೆ ಪೇಟೆಯ ಬೀದಿಗೂ ಬರುತ್ತದೆ.

ಹೀಗೆ ಹೋದ ಪಾದರಸದ ಮುಂದಿನ ಪ್ರಯಾಣವೇ ಇಡೀ ಪ್ರಶ್ನೆಯ ತಿರುಳು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2018ರಲ್ಲಿ ಹೊರತಂದ ಜಾಗತಿಕ ಸಮೀಕ್ಷೆಯ ಪ್ರಕಾರ, ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರುವ ಪಾದರಸದಲ್ಲಿ ಶೇ. 38ರಷ್ಟು ಸಣ್ಣ ಪ್ರಮಾಣದ ಚಿನ್ನದ ಗಣಿಗಳಿಂದಲೇ ಬರುತ್ತದೆ. ಕಲ್ಲಿದ್ದಲು ಉರಿಸುವುದು ಎರಡನೆಯ ಸ್ಥಾನದಲ್ಲಿದೆ. ಈ ಆವಿ ಗಾಳಿಯಲ್ಲಿ ಚದುರಿ ದೂರ ಹೋಗಿಬಿಡುತ್ತದೆ ಎಂಬ ಊಹೆಯನ್ನು ಪೆರುವಿನ ಮಾದ್ರೆ ದೆ ದಿಯೋಸ್ ಪ್ರಾಂತದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಶ್ನಿಸಿತು. ಗಣಿಗಳಿಗೆ ಸಮೀಪದ, ಆದರೆ ಸ್ವತಃ ಸಂರಕ್ಷಿತವಾದ ಲೋಸ್ ಅಮಿಗೋಸ್ ಎಂಬ ದಟ್ಟ ಕಾಡಿನಲ್ಲಿ ಎಲೆಗಳು ಪಾದರಸವನ್ನು ಹಿಡಿದು, ಮಳೆಯ ಮೂಲಕವೂ ಉದುರಿದ ಎಲೆಗಳ ಮೂಲಕವೂ ನೆಲಕ್ಕೆ ಇಳಿಸುತ್ತಿದ್ದುದು, ಅಲ್ಲಿನ ಹಾಡುಹಕ್ಕಿಗಳ ಗರಿಗಳಲ್ಲಿ ಗಣಿಗಳಿಂದ ದೂರದ ಹಕ್ಕಿಗಳಿಗಿಂತ ಹಲವು ಪಟ್ಟು ಪಾದರಸ ಇದ್ದುದು ಕಂಡುಬಂತು. ಕಾಡು ದಟ್ಟವಾದಷ್ಟೂ ಅದು ಹೆಚ್ಚು ವಿಷವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮರವೊಂದನ್ನೂ ಕಡಿಯದ ಅಭಯಾರಣ್ಯವೂ ಗಣಿಯ ಪಾಲಾಗಬಹುದು ಎಂಬ ಈ ಸಂಗತಿಗೆ, ಬೇಲಿ ಮತ್ತು ನಕ್ಷೆಗಳನ್ನು ನಂಬಿದ ಸಂರಕ್ಷಣಾ ನೀತಿಯಲ್ಲಿ ಈವರೆಗೆ ಸರಿಯಾದ ಉತ್ತರವಿಲ್ಲ.

ನೀರಿಗೆ ಬಿದ್ದ ಪಾದರಸದ ದಾರಿ ಇನ್ನೂ ಉದ್ದ. ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲಿ, ಗಣಿ ಬಿಟ್ಟುಹೋದ ನಿಂತ ನೀರಿನ ಹೊಂಡಗಳಲ್ಲಿ, ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ದೇಹಕ್ಕೆ ಸುಲಭವಾಗಿ ಸೇರಿ ಸುಲಭವಾಗಿ ಹೊರಹೋಗದ ಈ ರೂಪ ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಬೇಟೆಗಾರ ಮೀನಿಗೆ ದಾಟುವಾಗ ಪ್ರತಿ ಹಂತದಲ್ಲಿಯೂ ಹೆಚ್ಚು ಸಾಂದ್ರವಾಗುತ್ತದೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ನರರೋಗಕ್ಕೆ ಕಾರಣವಾದದ್ದು ಇದೇ ವಸ್ತು. ಗರ್ಭದಲ್ಲಿರುವ ಮಗುವಿನ ಮಿದುಳಿಗೆ ಅದು ಮಾಡುವ ಹಾನಿ ಅತ್ಯಂತ ತೀವ್ರ. ನದಿಯ ಆಹಾರ ಸರಪಳಿಯ ತುದಿಯಲ್ಲಿರುವ ದೈತ್ಯ ನೀರುನಾಯಿ ಮತ್ತು ಗುಲಾಬಿ ಡಾಲ್ಫಿನ್‌ಗಳೆರಡೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಜೀವಿಗಳಾಗಿ ದಾಖಲಾಗಿದ್ದು, ಡಾಲ್ಫಿನ್‌ಗಳ ದೇಹದಲ್ಲಿ ಪಾದರಸ ಇರುವುದು ಪರೀಕ್ಷೆಗಳಲ್ಲಿ ದೃಢಪಟ್ಟಿದೆ. ಅದೇ ತುದಿಯಲ್ಲಿ ಮನುಷ್ಯರೂ ಇದ್ದಾರೆ. ಬ್ರೆಜಿಲ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ಫಿಯೊಕ್ರೂಸ್ ತಪಾಜೊಸ್ ನದಿಯ ಮಧ್ಯಭಾಗದ ಮುಂಡುರುಕು ಹಳ್ಳಿಗಳಲ್ಲಿ ಸುಮಾರು 200 ಜನರ ಕೂದಲನ್ನು ಪರೀಕ್ಷಿಸಿದಾಗ ಒಬ್ಬರನ್ನೂ ಬಿಡದೆ ಎಲ್ಲರಲ್ಲಿಯೂ ಪಾದರಸ ಕಂಡುಬಂತು. ಹತ್ತರಲ್ಲಿ ಆರು ಜನರಲ್ಲಿ ಅದು ಸುರಕ್ಷಿತ ಮಿತಿಯನ್ನು ಮೀರಿತ್ತು. ಬೇಟೆಗಾರ ಮೀನನ್ನು ಕಡಿಮೆ ತಿನ್ನಿರಿ ಎಂಬ ವೈದ್ಯಕೀಯ ಸಲಹೆ ಶಾಸ್ತ್ರೀಯವಾಗಿ ಸರಿಯಾದದ್ದೇ. ಆದರೆ ದಿನದ ಊಟದ ಸಾರವೆಲ್ಲ ಹೊಳೆಯಿಂದಲೇ ಬರುವ ಸಮುದಾಯಕ್ಕೆ ಅದನ್ನು ಹೇಳುವುದು ಹಾನಿ ಮಾಡಿದವರನ್ನು ಬಿಟ್ಟು ಹಾನಿಗೊಳಗಾದವರಿಗೆ ಪಥ್ಯ ವಿಧಿಸಿದಂತೆಯೇ.

ಕಾಡಿನ ನಾಶ ಕಣ್ಣಿಗೆ ಕಾಣುವಂಥದ್ದಾದ್ದರಿಂದ ಅದರ ದಾಖಲೆ ಹೇರಳವಾಗಿದೆ. ಮಾದ್ರೆ ದೆ ದಿಯೋಸ್‌ನಲ್ಲಿ 1980ರ ದಶಕದ ನಡುವಿನಿಂದ 2017ರವರೆಗೆ ಗಣಿಗಾಗಿ ನಾಶವಾದ ಕಾಡು ಸುಮಾರು 1 ಲಕ್ಷ ಹೆಕ್ಟೇರ್. ಬ್ರೆಜಿಲ್ ಮತ್ತು ಪೆರುವನ್ನು ಜೋಡಿಸುವ ಅಂತರಸಾಗರ ಹೆದ್ದಾರಿ ಬಂದ ಮೇಲೆ, ತಾಂಬೊಪಾತಾ ರಾಷ್ಟ್ರೀಯ ಮೀಸಲಿನ ಅಂಚಿನ ಲಾ ಪಂಪಾ ಎಂಬ ಪ್ರದೇಶ ಈ ನಾಶದ ಕೇಂದ್ರವಾಯಿತು. ಅಂಕಿಗಳಿಗಿಂತ ಮುಖ್ಯವಾದದ್ದು ಕಾಡು ಮರಳಿ ಬರುವ ಪ್ರಶ್ನೆ. ದನದ ಹುಲ್ಲುಗಾವಲಿಗೆ ಕಡಿದ ಕಾಡು, ಕೈಬಿಟ್ಟರೆ, ಕೆಲವು ದಶಕಗಳಲ್ಲಿ ಅಷ್ಟಿಷ್ಟು ಚೇತರಿಸಿಕೊಳ್ಳುತ್ತದೆ. ಗಯಾನಾದಲ್ಲಿ ಕೈಬಿಟ್ಟ ಗಣಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವು ಅಲ್ಲಿನ ಮರುಬೆಳವಣಿಗೆ ಉಷ್ಣವಲಯದ ಕಾಡುಗಳಲ್ಲಿ ದಾಖಲಾದ ಅತ್ಯಂತ ನಿಧಾನಗತಿಯವುಗಳಲ್ಲಿ ಒಂದೆಂದು ಕಂಡುಕೊಂಡಿತು. ಅದಕ್ಕೆ ಕಾರಣ ಪಾದರಸಕ್ಕಿಂತ ಹೆಚ್ಚಾಗಿ ಮೇಲ್ಮಣ್ಣಿನೊಂದಿಗೆ ಸಾರಜನಕವೂ ಕೊಚ್ಚಿಹೋದದ್ದು. ಕೊಚ್ಚಿಹೋದ ಮಣ್ಣು ಹೊಳೆಗಳನ್ನು ಸೇರಿ, ಬೆಳಕಿಲ್ಲದ ಕಲಕು ನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನು ಮತ್ತು ಹಕ್ಕಿಗಳಿಗೆ ಆಹಾರ ಸಿಗದಂತೆ ಮಾಡುತ್ತದೆ. ಇಂಥ ನದಿ ಗಣಿಗಾರಿಕೆ 49 ದೇಶಗಳಲ್ಲಿ ಇದೆಯೆಂದು 2023ರಲ್ಲಿ ಪ್ರಕಟವಾದ ಉಪಗ್ರಹ ಆಧಾರಿತ ಅಧ್ಯಯನವೊಂದು ಗುರುತಿಸಿದೆ.

ಜನರ ಪಾಡನ್ನು ಯಾನೊಮಾಮಿಗಳ ಇತಿಹಾಸದಷ್ಟು ಸ್ಪಷ್ಟವಾಗಿ ತೋರುವ ಇನ್ನೊಂದು ಉದಾಹರಣೆ ಸಿಗದು. ಬ್ರೆಜಿಲ್ ಮತ್ತು ವೆನೆಜುವೆಲಾಗಳ ಗಡಿಯ ಬೆಟ್ಟಕಾಡುಗಳಲ್ಲಿ ವಾಸಿಸುವ ಈ ಸಮುದಾಯದ ನೆಲಕ್ಕೆ 1980ರ ದಶಕದ ಕೊನೆಯಲ್ಲಿ ಸುಮಾರು 40,000 ಗಣಿಗಾರರು ನುಗ್ಗಿದರು. ಹೊರಗಿನ ಸೋಂಕುಗಳಿಗೆ ಪ್ರತಿರೋಧವಿಲ್ಲದ ಹಳ್ಳಿಗಳಲ್ಲಿ ಮಲೇರಿಯಾ ಮತ್ತು ಜ್ವರಗಳು ಹಬ್ಬಿ ಕೆಲವೇ ವರ್ಷಗಳಲ್ಲಿ ಜನಸಂಖ್ಯೆಯ ಐದನೇ ಒಂದು ಭಾಗ ಅಳಿಯಿತೆಂಬ ಅಂದಾಜಿದೆ. ದಾವಿ ಕೊಪೆನಾವಾ ಎಂಬ ಯಾನೊಮಾಮಿ ಶಾಮನ್, ಅಂದರೆ ಸಮುದಾಯದ ಆತ್ಮವೈದ್ಯ, ಹಾಗೂ ಛಾಯಾಗ್ರಾಹಕಿ ಕ್ಲೌದಿಯಾ ಆಂದುಜಾರ್ ಮೊದಲಾದವರ ದೀರ್ಘ ಹೋರಾಟದ ಫಲವಾಗಿ, ರಿಯೊ ಭೂಶೃಂಗಸಭೆಗೆ ತುಸು ಮುನ್ನ, 1992ರ ಮೇ ತಿಂಗಳಲ್ಲಿ 96,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ ಯಾನೊಮಾಮಿ ಪ್ರದೇಶಕ್ಕೆ ಅಧ್ಯಕ್ಷರ ಅಂಗೀಕಾರ ದೊರೆಯಿತು; ಕರ್ನಾಟಕದ ಅರ್ಧದಷ್ಟು ನೆಲ ಅದು. ಮರುವರ್ಷವೇ ಹಶಿಮು ಎಂಬ ಹಳ್ಳಿಯ ಹದಿನಾರು ಜನರನ್ನು ಗಣಿಗಾರರು ಕೊಂದರು, ಮತ್ತು ಬ್ರೆಜಿಲ್‌ನ ನ್ಯಾಯಾಲಯ ಅದನ್ನು ನರಮೇಧವೆಂದೇ ತೀರ್ಮಾನಿಸಿತು.

ಗಡಿ ಗುರುತಿಸಿದ ಮಾತ್ರಕ್ಕೆ ನೆಲ ಉಳಿಯುವುದಿಲ್ಲ ಎಂಬುದಕ್ಕೆ ಮುಂದಿನದು ಸಾಕ್ಷಿ. 2019ರಿಂದ 2022ರವರೆಗೆ ಅಧಿಕಾರದಲ್ಲಿದ್ದ ಜಾಯಿರ್ ಬೊಲ್ಸೊನಾರೊ ಸರ್ಕಾರ ಮೂಲನಿವಾಸಿ ಪ್ರದೇಶಗಳನ್ನು ಗಣಿಗೆ ತೆರೆಯುವ ಮಸೂದೆ ಮಂಡಿಸಿತು. ಮಸೂದೆ ಕಾನೂನಾಗದಿದ್ದರೂ ಅದು ಕೊಟ್ಟ ಸೂಚನೆ ಸಾಕಾಯಿತು. ಉರಾರಿಕೊಯೆರಾ ಮತ್ತು ಮುಕಾಜಾಯಿ ನದಿಗಳ ಉದ್ದಕ್ಕೂ ಸುಮಾರು 20,000 ಗಣಿಗಾರರು ನೆಲೆಯೂರಿದರು, ಆರೋಗ್ಯ ಕೇಂದ್ರಗಳ ವಿಮಾನಪಟ್ಟಿಗಳನ್ನೇ ಕೆಲವೆಡೆ ವಶಪಡಿಸಿಕೊಂಡರು, ಹೊಂಡಗಳಲ್ಲಿ ಸೊಳ್ಳೆ ಬೆಳೆದು ಮಲೇರಿಯಾ ಹೆಚ್ಚಿತು, ಜ್ವರದಲ್ಲಿ ಮಲಗಿದವರಿಗೆ ತೋಟ ಮಾಡಲಾಗದೆ ಮಕ್ಕಳು ಹಸಿವಿನಿಂದ ಸೊರಗಿದರು. 2023ರ ಜನವರಿ 20ರಂದು ಹೊಸ ಸರ್ಕಾರ ಅಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಚಿನ್ನ, ಜ್ವರ, ಹಸಿವುಗಳ ಈ ಕೊಂಡಿ 1980ರ ದಶಕದಲ್ಲಿಯೇ ತಿಳಿದದ್ದಾಗಿತ್ತು ಎಂಬುದನ್ನು ನೆನೆದರೆ ಇದನ್ನು ಅನಿರೀಕ್ಷಿತ ವಿಪತ್ತೆಂದು ಕರೆಯಲು ಬರುವುದಿಲ್ಲ.

ಗಣಿಗಾರರೆಂದರೆ ಯಾರು ಎಂಬ ಪ್ರಶ್ನೆಯನ್ನು ಈ ವಿಷಯದ ಬರಹಗಳು ಸಾಮಾನ್ಯವಾಗಿ ತರಾತುರಿಯಲ್ಲಿ ದಾಟಿಬಿಡುತ್ತವೆ. ಕೆಸರಿನಲ್ಲಿ ನಿಂತು ಕೊಳವೆ ಹಿಡಿಯುವವರು ಹೆಚ್ಚಾಗಿ ಬ್ರೆಜಿಲ್‌ನ ಈಶಾನ್ಯದ ಒಣನಾಡಿನಿಂದ, ಪೆರುವಿನ ಆಂಡಿಸ್ ಬೆಟ್ಟದ ಹಳ್ಳಿಗಳಿಂದ ಬಂದ ಭೂಮಿಯಿಲ್ಲದ ಬಡವರು. ಮೊದಲ ವಿಷ ಸೇರುವುದೂ ಅವರ ಪುಪ್ಪುಸಕ್ಕೆ. ಆದರೆ ಅಗೆಯುವ ಯಂತ್ರ, ಸಣ್ಣ ವಿಮಾನ, ಹೆಲಿಕಾಪ್ಟರ್, ಡೀಸೆಲ್ ಪೂರೈಕೆ ಇವೆಲ್ಲ ಬಡವರ ಕೈಗೆ ಎಟಕುವ ವಸ್ತುಗಳಲ್ಲ. ಹಣ ಹೂಡುವವರು ಪಟ್ಟಣಗಳಲ್ಲಿಯೇ ಇರುತ್ತಾರೆ, ಮತ್ತು ಚಿನ್ನದ ಬೆಲೆ ಏರಿದಷ್ಟೂ ಅವರ ಹೂಡಿಕೆ ಹೆಚ್ಚುತ್ತದೆ. 2020ರಲ್ಲಿ ಔನ್ಸಿಗೆ 2,000 ಡಾಲರ್ ದಾಟಿದ ಬೆಲೆ 2025ರ ಅಕ್ಟೋಬರಿನಲ್ಲಿ 4,000 ದಾಟಿತು. ಸಣ್ಣ ಗಣಿ ಎಂಬ ಹೆಸರು ಈ ಬಂಡವಾಳಕ್ಕೆ ಒಳ್ಳೆಯ ಮರೆಯಾಗಿದೆ.

ಸರ್ಕಾರಗಳು ಮೊದಲು ಹಿಡಿಯುವ ದಾರಿ ಬಲಪ್ರಯೋಗದ್ದು. ಪೆರು 2019ರ ಫೆಬ್ರುವರಿಯಲ್ಲಿ ‘ಆಪರೇಷನ್ ಮರ್ಕ್ಯುರಿ’ ಹೆಸರಿನಲ್ಲಿ ಸುಮಾರು 1,500 ಪೊಲೀಸರನ್ನೂ ಸೈನಿಕರನ್ನೂ ಲಾ ಪಂಪಾಕ್ಕೆ ಇಳಿಸಿದಾಗ ಅಲ್ಲಿನ ಅರಣ್ಯನಾಶ ಥಟ್ಟನೆ ಕುಸಿಯಿತು. ಆದರೆ ಪಾರಿಯಾಮಾನು ಮೊದಲಾದ ಬೇರೆ ಹೊಳೆಗಳ ಕಡೆ ಹೊಸ ಗುಂಡಿಗಳು ಕಾಣಿಸಿಕೊಂಡವು. ಫ್ರೆಂಚ್ ಗಯಾನಾದಲ್ಲಿ 2008ರಿಂದ ‘ಹಾರ್ಪಿ’ ಕಾರ್ಯಾಚರಣೆ ನಡೆಯುತ್ತಲೇ ಇದ್ದರೂ ಮರೋನಿ ನದಿಯ ಆಚೆದಡದ ಸುರಿನಾಮಿನ ಅಂಗಡಿಗಳಿಂದ ಗಣಿಗಳಿಗೆ ಸರಕು ಸಾಗುತ್ತಲೇ ಬಂದಿದೆ. ಯಾನೊಮಾಮಿ ನೆಲದಲ್ಲಿ 2023ರಲ್ಲಿ ಪರಿಸರ ಇಲಾಖೆಯಾದ ಇಬಾಮಾದ ತಂಡಗಳು ವಿಮಾನಗಳನ್ನೂ ದೋಣಿಗಳನ್ನೂ ಸ್ಥಳದಲ್ಲಿಯೇ ಸುಟ್ಟುಹಾಕಿದವು, ವಾಯುಪಡೆ ಆಕಾಶಕ್ಕೆ ಕಾವಲಿಟ್ಟಿತು; ಕಾವಲು ಸಡಿಲಿದ ತಿಂಗಳುಗಳಲ್ಲಿ ಗಣಿಗಾರರು ಮರಳಿದ್ದರಿಂದ 2024ರಲ್ಲಿ ಬೋವಾ ವಿಸ್ತಾ ನಗರದಲ್ಲಿ ಎಲ್ಲ ಇಲಾಖೆಗಳನ್ನು ಒಂದೇ ಸೂರಿನಡಿ ತರುವ ಸ್ಥಿರ ಕಚೇರಿ ತೆರೆಯಬೇಕಾಯಿತು. ಕಾರ್ಯಾಚರಣೆ ವ್ಯರ್ಥವೆಂದು ಇದರಿಂದ ಸಿದ್ಧವಾಗುವುದಿಲ್ಲ. ಸೈನ್ಯ ಇರುವಷ್ಟು ದಿನ ಮಾತ್ರ ಅದರ ಫಲ ಇರುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಇದಕ್ಕೆ ತೀರ ವಿರುದ್ಧವಾದ ನೀತಿ ವೆನೆಜುವೆಲಾದ್ದು: 2016ರಲ್ಲಿ ಅದು ಒರಿನೊಕೊ ನದಿಯ ದಕ್ಷಿಣಕ್ಕೆ 1 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಪಟ್ಟಿಯನ್ನು ಗಣಿವಲಯವೆಂದು ತಾನೇ ಸಾರಿಬಿಟ್ಟಿತು.

ಹೆಚ್ಚು ಬಾಳಿಕೆಯ ಫಲ ಕಂಡಿರುವುದು ಸಮುದಾಯಕ್ಕೆ ನೆಲದ ಮೇಲೆ ಕಾನೂನಿನ ಹಿಡಿತವೂ ಸ್ವಂತ ಕಾವಲೂ ಇರುವ ಕಡೆಗಳಲ್ಲಿ. ಈಕ್ವೆಡಾರಿನ ಅಗುವಾರಿಕೊ ನದಿಯ ದಡದ ಸಿನಾಂಗೋಯೆ ಎಂಬ ಕೊಫಾನ್ ಹಳ್ಳಿ ಇದಕ್ಕೆ ಒಳ್ಳೆಯ ನಿದರ್ಶನ. ಕೊಫಾನರು ತಮ್ಮದೇ ನಿಯಮ ಬರೆದುಕೊಂಡು, ಗಂಡಸರೂ ಹೆಂಗಸರೂ ಸೇರಿದ ಕಾವಲುಪಡೆ ಕಟ್ಟಿ, ಕಾಡಿನ ದಾರಿಗಳನ್ನು ಸುತ್ತತೊಡಗಿದರು. ಪ್ರಾಣಿಗಳ ಅಧ್ಯಯನಕ್ಕೆ ಬಳಸುವ ಸ್ವಯಂಚಾಲಿತ ಕ್ಯಾಮೆರಾಗಳನ್ನು ನುಗ್ಗುಕೋರರನ್ನು ಹಿಡಿಯಲೂ ಬಳಸಿದರು, ಡ್ರೋನ್ ಹಾರಿಸಿ ದಡದಲ್ಲಿ ಅಗೆಯುತ್ತಿದ್ದ ಯಂತ್ರಗಳ ಚಿತ್ರ ತೆಗೆದರು. ತಮ್ಮನ್ನು ಒಂದು ಮಾತೂ ಕೇಳದೆ ಸರ್ಕಾರ ನದಿಯ ಮೇಲ್ಭಾಗದಲ್ಲಿ ಗಣಿ ಪರವಾನಗಿಗಳನ್ನು ಹಂಚುತ್ತಿರುವುದು ಗೊತ್ತಾದ ಮೇಲೆ ಆ ಚಿತ್ರಗಳೇ ನ್ಯಾಯಾಲಯದಲ್ಲಿ ಸಾಕ್ಷ್ಯವಾದವು, ಮತ್ತು ಸರ್ಕಾರ ಕೊಟ್ಟಿದ್ದ ಮತ್ತು ಕೊಡಲು ಹೊರಟಿದ್ದ 52 ಪರವಾನಗಿಗಳನ್ನು 2018ರಲ್ಲಿ ಪ್ರಾಂತೀಯ ನ್ಯಾಯಾಲಯ ರದ್ದುಗೊಳಿಸಿತು. ಸಮುದಾಯಕ್ಕೆ ಮುಂಚಿತವಾಗಿ ಪೂರ್ಣ ಮಾಹಿತಿ ಕೊಟ್ಟು, ಒತ್ತಾಯವಿಲ್ಲದೆ ಅದರ ಅಭಿಪ್ರಾಯ ಪಡೆಯಬೇಕೆಂಬ ತತ್ತ್ವವನ್ನು 2022ರಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯ ಇದೇ ಪ್ರಕರಣದಲ್ಲಿ ಇನ್ನಷ್ಟು ಬಲಪಡಿಸಿತು. ಕೊಲಂಬಿಯಾದ ಸಾಂವಿಧಾನಿಕ ನ್ಯಾಯಾಲಯ 2016ರಲ್ಲಿ ಚೊಕೊ ಮಳೆಕಾಡಿನ ಆತ್ರಾತೊ ನದಿಗೇ ಹಕ್ಕುಗಳುಂಟೆಂದು ಸಾರಿದ್ದು ಜಗತ್ತಿನ ಗಮನ ಸೆಳೆಯಿತು. ಆದರೆ ಶಸ್ತ್ರಸಜ್ಜಿತ ಗುಂಪುಗಳ ಹಿಡಿತದಲ್ಲಿರುವ ಆ ನದಿಯ ಮೇಲೆ ಗಣಿಗಾರಿಕೆ ನಿಂತಿಲ್ಲ. ಹಕ್ಕು ನದಿಯ ಹೆಸರಿನಲ್ಲಿದೆಯೋ ಜನರ ಹೆಸರಿನಲ್ಲಿದೆಯೋ ಎಂಬುದಕ್ಕಿಂತ ಅದನ್ನು ದಿನವೂ ಚಲಾಯಿಸುವವರು ಯಾರು ಎಂಬುದೇ ಮುಖ್ಯವೆನಿಸುತ್ತದೆ. ಉಪಗ್ರಹ ಚಿತ್ರಗಳನ್ನು ವಿಶ್ಲೇಷಿಸುವ ಮ್ಯಾಪ್‌ಬಯೋಮಾಸ್ ಜಾಲದ ಲೆಕ್ಕದಂತೆ, ಬ್ರೆಜಿಲ್‌ನ ಮೂಲನಿವಾಸಿ ಪ್ರದೇಶಗಳು ಮೂವತ್ತು ವರ್ಷಗಳಲ್ಲಿ ಕಳೆದುಕೊಂಡ ಸಹಜ ಸಸ್ಯಸಂಪತ್ತು ಶೇ. 1ರಷ್ಟು, ಖಾಸಗಿ ಭೂಮಿಯಲ್ಲಿ ಅದು ಶೇ. 20ಕ್ಕೂ ಹೆಚ್ಚು. ಅದೇ ಜಾಲ 2010ರಿಂದ 2020ರೊಳಗೆ ಮೂಲನಿವಾಸಿ ಪ್ರದೇಶಗಳಲ್ಲಿ ಗರಿಂಪೊದ ವಿಸ್ತಾರ ಶೇ. 495ರಷ್ಟು ಹೆಚ್ಚಿತೆಂದೂ ದಾಖಲಿಸಿದೆ. ಎರಡೂ ಅಂಕಿಗಳನ್ನು ಒಟ್ಟಿಗೆ ಓದಬೇಕು.

ಕಾಡಿನಿಂದ ಹೊರಟ ಚಿನ್ನ ಸಕ್ರಮವಾಗುವುದು ಕಾಗದದ ಮೇಲೆ, ಮತ್ತು ತಡೆಗೆ ಅತ್ಯಂತ ಸುಲಭವಾದ ಸ್ಥಳವೂ ಅದೇ. ಬ್ರೆಜಿಲ್‌ನ ಸಂವಿಧಾನ ಮೂಲನಿವಾಸಿ ನೆಲದಲ್ಲಿ ಗರಿಂಪೊಗೆ ಆಸ್ಪದ ಕೊಟ್ಟಿಲ್ಲ. ಆದರೂ 2013ರ ಕಾನೂನೊಂದರ ಪ್ರಕಾರ, ಚಿನ್ನ ಎಲ್ಲಿಂದ ಬಂತೆಂದು ಮಾರುವವನು ಬರೆದುಕೊಟ್ಟ ಹೇಳಿಕೆಯನ್ನು ಕೊಳ್ಳುವ ಸಂಸ್ಥೆ ಕಡತದಲ್ಲಿಟ್ಟರೆ ಸಾಕಿತ್ತು. ವ್ಯವಹಾರ ಸದ್ಭಾವದ್ದೆಂದು ಭಾವಿಸಲಾಗುತ್ತಿತ್ತು. ಹೀಗಾಗಿ ಯಾನೊಮಾಮಿ ನೆಲದ ಚಿನ್ನವನ್ನು ನೂರಾರು ಕಿಲೋಮೀಟರ್ ದೂರದ ಯಾವುದೋ ಪರವಾನಗಿಯ ಹೆಸರಿನಲ್ಲಿ ಬರೆದುಕೊಡುವುದು ಸಾಧ್ಯವಾಯಿತು. ಉತ್ಪಾದನೆ ದಾಖಲಾದ ಕೆಲವು ಪರವಾನಗಿಗಳ ಜಾಗವನ್ನು ಉಪಗ್ರಹ ಚಿತ್ರದಲ್ಲಿ ನೋಡಿದರೆ ಅಲ್ಲಿ ಒಂದು ಗುಂಡಿಯೂ ಇಲ್ಲದೆ ಕಾಡು ಹಾಗೆಯೇ ನಿಂತಿತ್ತು. 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಸದ್ಭಾವದ ನಿಯಮವನ್ನು ತಡೆಹಿಡಿಯಿತು, ಅದೇ ವರ್ಷ ಚಿನ್ನಕ್ಕೆ ಎಲೆಕ್ಟ್ರಾನಿಕ್ ರಸೀದಿ ಕಡ್ಡಾಯವಾಯಿತು. ಸಾವಿರಾರು ಸೈನಿಕರ ಕಾರ್ಯಾಚರಣೆಗಿಂತ ಈ ಎರಡು ಕಾಗದದ ಬದಲಾವಣೆಗಳೇ ಹೂಡಿಕೆದಾರರನ್ನು ಹೆಚ್ಚು ಕಂಗೆಡಿಸಿರಬಹುದು. ಪೆರುವಿನಲ್ಲಿ ನಡೆದದ್ದು ಇದಕ್ಕೆ ವ್ಯತಿರಿಕ್ತ: ಸಣ್ಣ ಗಣಿಗಾರರನ್ನು ಕ್ರಮೇಣ ಕಾನೂನಿನ ಚೌಕಟ್ಟಿಗೆ ತರಲೆಂದು ತೆರೆದ ತಾತ್ಕಾಲಿಕ ನೋಂದಣಿಯ ಅವಧಿಯನ್ನು ಸಂಸತ್ತು ಮತ್ತೆ ಮತ್ತೆ ವಿಸ್ತರಿಸುತ್ತ ಬಂದು, ನೋಂದಣಿಯ ಚೀಟಿಯೇ ಅಕ್ರಮಕ್ಕೆ ರಕ್ಷಾಪತ್ರವಾಗಿದೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ 2017ರ ಆಗಸ್ಟಿನಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದ ಮುಖ್ಯ ಸಾಧನ. ಸಣ್ಣ ಗಣಿಗಳಲ್ಲಿ ಪಾದರಸವನ್ನು ಕಡಿಮೆ ಮಾಡಿ, ಸಾಧ್ಯವಾದಲ್ಲಿ ನಿಲ್ಲಿಸಬೇಕೆಂದು ಹೇಳುವ ಆ ಒಪ್ಪಂದದ ಮೂಲಪಾಠ ಅದಕ್ಕೆ ಗಡುವನ್ನು ಇಟ್ಟಿಲ್ಲ. ಗಣಿಯ ಬಳಕೆಗೆ ಪಾದರಸ ಸಾಗಿಸುವುದನ್ನೂ ಪೂರ್ತಿ ಮುಚ್ಚಿಲ್ಲ. ಪೆರು ಆಮದನ್ನು ಬಿಗಿಗೊಳಿಸಿದ ಮೇಲೆ ಬೊಲಿವಿಯಾ ಜಗತ್ತಿನ ದೊಡ್ಡ ಪಾದರಸ ಆಮದುದಾರ ದೇಶಗಳಲ್ಲಿ ಒಂದಾದದ್ದು ಈ ಸಡಿಲದ ಫಲ. ಅಲುಗಾಡುವ ಮೇಜುಗಳು, ಫಿಲಿಪ್ಪೀನ್ಸ್‌ನಲ್ಲಿ ರೂಢಿಯಲ್ಲಿರುವ ಬೋರಾಕ್ಸ್ ಬಳಸಿ ಕರಗಿಸುವ ವಿಧಾನ ಮೊದಲಾದ ಪಾದರಸವಿಲ್ಲದ ತಂತ್ರಗಳು ಇದ್ದೇ ಇವೆ. ಅವು ಗಾಳಿಯನ್ನೂ ಮೀನನ್ನೂ ಉಳಿಸಬಲ್ಲವು. ಮೇಲ್ಮಣ್ಣನ್ನು ಉಳಿಸಲಾರವು, ಯಾರ ನೆಲದಲ್ಲಿ ಅಗೆಯಲಾಗುತ್ತಿದೆ ಎಂಬ ಪ್ರಶ್ನೆಯನ್ನೂ ಮುಟ್ಟಲಾರವು.

ಈ ಸರಪಳಿಯ ಇನ್ನೊಂದು ತುದಿ ಭಾರತದಲ್ಲಿದೆ. ಆಭರಣಕ್ಕೆ ಅತಿ ಹೆಚ್ಚು ಚಿನ್ನ ಬಳಸುವ ಎರಡು ದೇಶಗಳಲ್ಲಿ ಒಂದಾದ ಭಾರತ, ಗಣಿಯ ಸಮೀಪದಲ್ಲಿ ಅರೆಶುದ್ಧವಾಗಿ ಎರಕಹೊಯ್ದ ಡೋರೆ ಎಂಬ ಗಟ್ಟಿಗಳ ರೂಪದಲ್ಲಿಯೂ ಚಿನ್ನವನ್ನು ತರಿಸಿ ಇಲ್ಲಿನ ಘಟಕಗಳಲ್ಲಿ ಶುದ್ಧೀಕರಿಸುತ್ತದೆ. ಪೆರು ಮತ್ತು ಬೊಲಿವಿಯಾಗಳ ಚಿನ್ನಕ್ಕೆ ಕಳೆದ ದಶಕದಿಂದ ಅದು ಪ್ರಮುಖ ಮಾರುಕಟ್ಟೆಗಳಲ್ಲೊಂದು. ಸ್ವಿಟ್ಜರ್ಲೆಂಡಿನ ಶುದ್ಧೀಕರಣ ಉದ್ಯಮ ಬ್ರೆಜಿಲ್‌ನ ಮೂಲನಿವಾಸಿ ಸಂಘಟನೆಗಳ ಒತ್ತಾಯದ ನಂತರ 2022ರಲ್ಲಿ ಅವರ ನೆಲದ ಚಿನ್ನವನ್ನು ಕೊಳ್ಳುವುದಿಲ್ಲವೆಂದು ಬಹಿರಂಗವಾಗಿ ಹೇಳಿತು. ಭಾರತದ ಮಾರುಕಟ್ಟೆಯಲ್ಲಿ ಗ್ರಾಹಕ ಕೇಳುವ ಹಾಲ್‌ಮಾರ್ಕ್ ಲೋಹದ ಶುದ್ಧತೆಯನ್ನು ಪ್ರಮಾಣೀಕರಿಸುತ್ತದೆ, ಮೂಲವನ್ನಲ್ಲ. ಚಿನ್ನದೊಳಗೆ ಅತ್ಯಲ್ಪ ಪ್ರಮಾಣದಲ್ಲಿರುವ ಬೇರೆ ಲೋಹಗಳ ಆಧಾರದ ಮೇಲೆ ಅದು ಯಾವ ಪ್ರದೇಶದ್ದೆಂದು ಗುರುತಿಸುವ ಮಾದರಿಗಳ ಸಂಗ್ರಹವೊಂದನ್ನು ಬ್ರೆಜಿಲ್‌ನ ಫೆಡರಲ್ ಪೊಲೀಸರು ಕಟ್ಟುತ್ತಿದ್ದಾರೆ. ಆ ಗುರುತು ಡೋರೆ ಗಟ್ಟಿಯ ಹಂತದವರೆಗೆ ಅಷ್ಟೋ ಇಷ್ಟೋ ಉಳಿಯಬಹುದು. ಶುದ್ಧೀಕರಣದಲ್ಲಿ ಅನ್ಯಲೋಹಗಳು ಹೊರಬಿದ್ದು, ಹಲವು ಮೂಲಗಳ ಲೋಹ ಒಂದೇ ಕುಲುಮೆಯಲ್ಲಿ ಬೆರೆತ ಮೇಲೆ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಪಡೆಯಲಾರದು. ಭಾರತಕ್ಕೆ ಬರುವ ಲೋಹದ ಮೂಲವನ್ನು ಪರೀಕ್ಷಿಸುವುದಾದರೆ ಅದು ಬಂದರು, ವಿಮಾನ ನಿಲ್ದಾಣಗಳ ಸುಂಕದ ಕಟ್ಟೆಯಲ್ಲಿ, ಗಟ್ಟಿ ಕುಲುಮೆಗೆ ಇಳಿಯುವ ಮುನ್ನವೇ ಆಗಬೇಕಾಗುತ್ತದೆ.